ತಾರಸಿಯ ಬಿರುಕಿಗೆ ಅರಳಿ ಬೀಜ ತಂದವರು ಯಾರು?

ಪ್ರಶ್ನೆ: ತುಮಕೂರಿನಲ್ಲಿ ನಾಲ್ಕು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ತಾರಸಿಯಲ್ಲಿ ನೀರಿನ ಟ್ಯಾಂಕ್ ಕೂರಿಸಿದ ಕಟ್ಟೆಯ ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದೆ. ಎರಡು ಸಲ ಕಿತ್ತರೂ ಮತ್ತೆ ಬಂತು. ನಮ್ಮ ಬೀದಿಯಲ್ಲಿ ಅರಳಿ ಮರವೇ ಇಲ್ಲ, ಬೀಜ ಎಲ್ಲಿಂದ ಬಂತು? ನಾನೇ ಆಸೆಪಟ್ಟು ದೇವಸ್ಥಾನದ ಮರದ ಹಣ್ಣು ತಂದು ಕುಂಡದಲ್ಲಿ ಹೂತರೆ ಒಂದೂ ಹುಟ್ಟಲಿಲ್ಲ. ಕಾಗೆ ಹೊಟ್ಟೆಗೆ ಹೋಗಿ ಬಂದರೆ ಮಾತ್ರ ಹುಟ್ಟೋದು ಅಂತ ನಮ್ಮತ್ತೆ ಹೇಳುತ್ತಾರೆ, ನಿಜವಾ? ಇನ್ನೊಂದು ವಿಷಯ. ಅರಳಿ, ಅತ್ತಿ ಮರಗಳಲ್ಲಿ ನಾನು ಹೂವನ್ನೇ ನೋಡಿಲ್ಲ. ಹೂವಿಲ್ಲದೆ ಹಣ್ಣು ಹೇಗೆ? ಅತ್ತಿ ಹಣ್ಣಿನೊಳಗೆ ಯಾವಾಗಲೂ ಹುಳ ಯಾಕಿರುತ್ತೆ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯಿಂದ ಶುರು ಮಾಡುತ್ತೇನೆ. ಹೂವಿನ ವಿಷಯ ಗೊತ್ತಾದರೆ ತಾರಸಿಯ ಗಿಡದ ವಿಷಯ ಅರ್ಧ ಬಗೆಹರಿದ ಹಾಗೆ.

ಅತ್ತಿಗೂ ಹೂವಿದೆ, ಅರಳಿಗೂ ಇದೆ. ಬೇಕಾದಷ್ಟಿದೆ. ನಾವು ಹಣ್ಣು ಅಂತ ಕರೆಯುವ ಆ ಗುಂಡಗಿನ ವಸ್ತುವಿನ ಒಳಗೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಸೂರ್ಯಕಾಂತಿಯನ್ನು ನೆನಪಿಸಿಕೊಳ್ಳಿ. ಅದು ಒಂದು ಹೂವಲ್ಲ, ಒಂದು ತಟ್ಟೆಯ ಮೇಲೆ ಒತ್ತೊತ್ತಾಗಿ ಕೂತ ನೂರಾರು ಪುಟ್ಟ ಹೂಗಳು. ಆ ತಟ್ಟೆಯ ಅಂಚನ್ನು ಸುತ್ತಲಿಂದ ಮೇಲೆತ್ತಿ, ಚೀಲದ ಬಾಯಿ ಕಟ್ಟಿದ ಹಾಗೆ ಒಟ್ಟು ಸೇರಿಸಿದರೆ ಹೂಗಳೆಲ್ಲ ಒಳಗಡೆ ಉಳಿಯುತ್ತವೆ ಅಲ್ವಾ? ಅತ್ತಿ ಕಾಯಿ ಅಂದರೆ ಅದೇ. ಎಳೆ ಅತ್ತಿ ಕಾಯಿಯೊಂದನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿ. ಒಳಗೋಡೆಗೆ ಅಂಟಿಕೊಂಡು ಒಳಮುಖವಾಗಿ ನಿಂತ ಸಾವಿರಾರು ಹೂಗಳು ಕಾಣುತ್ತವೆ. ತೊಟ್ಟಿನ ಎದುರು ಬದಿಯಲ್ಲಿ ಒಂದು ಚಿಕ್ಕ ಕಿಂಡಿ ಇದೆ. ಅದೂ ಬರೀ ತೂತಲ್ಲ. ಒಂದರ ಮೇಲೊಂದು ಬಿಗಿಯಾಗಿ ಹೆಣೆದ ಪುಟ್ಟ ಪುಟ್ಟ ಎಸಳಿನಂಥ ಹೊದಿಕೆಗಳಿಂದ ಮುಚ್ಚಿದ ಬಾಗಿಲು. ಜೇನು ಬರುವ ಹಾಗಿಲ್ಲ, ಚಿಟ್ಟೆ ಬರುವ ಹಾಗಿಲ್ಲ, ಗಾಳಿಯೂ ನುಗ್ಗುವ ಹಾಗಿಲ್ಲ.

ಹಾಗಾದರೆ ಪರಾಗ ಒಳಗೆ ಹೋಗುವುದು ಹೇಗೆ? ನೀವು ಕೇಳಿದ ಆ ಹುಳದಿಂದಲೇ.

ಅತ್ತಿಯ ಹಣ್ಣು ಬಿಚ್ಚಿದರೆ ಹುಳ ಅಂತ ನಮ್ಮಲ್ಲಿ ಒಂದು ಮಾತಿದೆ. ಮೇಲೆ ಚಂದ, ಒಳಗೆ ಹುಳುಕು ಅನ್ನುವವರನ್ನು ಕಂಡು ಆಡುವ ಮಾತು. ನನಗೆ ಆ ಮಾತು ಕೇಳಿದಾಗಲೆಲ್ಲ ಬೇಜಾರಾಗುತ್ತದೆ. ಯಾಕೆಂದರೆ ಆ ಹುಳ ಹುಳುಕಲ್ಲ. ಅದಿಲ್ಲದಿದ್ದರೆ ಅತ್ತಿಯಲ್ಲಿ ಒಂದು ಬೀಜವೂ ಕಟ್ಟುವುದಿಲ್ಲ.

ಅದು ಒಂದು ಜಾತಿಯ ಕಣಜ. ಕಣಜ ಅಂದ ತಕ್ಷಣ ಸೂರಿನಲ್ಲಿ ಗೂಡು ಕಟ್ಟಿ ಕುಟುಕುವ ಹುಳ ನೆನಪಾಗುತ್ತದೆ. ಇದು ಹಾಗಲ್ಲ. ಒಂದೂವರೆ ಎರಡು ಮಿಲಿಮೀಟರ್ ಉದ್ದ, ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ನಮ್ಮನ್ನು ಕುಟುಕುವುದೂ ಇಲ್ಲ. ಅತ್ತಿಗೆ ಒಂದು ಜಾತಿ, ಅರಳಿಗೆ ಬೇರೆ ಜಾತಿ, ಆಲಕ್ಕೆ ಮತ್ತೊಂದು. ಅತ್ತಿಯ ಕಣಜ ಅರಳಿ ಮರಕ್ಕೆ ಹೋಗಿ ಸಂಸಾರ ಮಾಡುವುದಿಲ್ಲ. ಅತ್ತಿ, ಅರಳಿ, ಆಲ ಎಲ್ಲ ಸೇರಿದ ಈ ಕುಲದಲ್ಲಿ ಪ್ರಪಂಚದಾದ್ಯಂತ 750ಕ್ಕೂ ಹೆಚ್ಚು ಜಾತಿಯ ಮರಗಿಡಗಳಿವೆ. ಹೆಚ್ಚುಕಡಿಮೆ ಪ್ರತಿಯೊಂದಕ್ಕೂ ತನ್ನದೇ ಕಣಜ ಇದೆ. ಕೆಲವಕ್ಕೆ ಒಂದಕ್ಕಿಂತ ಜಾಸ್ತಿಯೂ ಇವೆ.

ಕಾಯಿಯೊಳಗಿನ ಹೆಣ್ಣು ಹೂಗಳು ಸಿದ್ಧವಾದಾಗ ಕಾಯಿಯಿಂದ ಒಂದು ವಾಸನೆ ಹೊರಡುತ್ತದೆ. ಹೆಣ್ಣು ಕಣಜ ಆ ವಾಸನೆ ಹಿಡಿದು ಬಂದು ಕಿಂಡಿಯಲ್ಲಿ ತಲೆ ತೂರಿಸುತ್ತದೆ. ದಾರಿ ಎಷ್ಟು ಬಿಗಿ ಅಂದರೆ ನುಸುಳುವಾಗ ರೆಕ್ಕೆಗಳು ಕಿತ್ತುಹೋಗುತ್ತವೆ, ಮೀಸೆಯ ತುದಿ ಮುರಿಯುತ್ತದೆ. ಅದು ಇನ್ನು ಹೊರಗೆ ಬಂದು ಹಾರುವ ಮಾತಿಲ್ಲ. ಒಳಗೆ ಹೋದ ಮೇಲೆ ಎರಡು ಕೆಲಸ ಮಾಡುತ್ತದೆ. ಎದೆಯ ಬಳಿ ಜೇಬಿನಂಥ ಪುಟ್ಟ ಗುಳಿಗಳಿವೆ. ತಾನು ಹುಟ್ಟಿದ ಕಾಯಿಯಿಂದ ತುಂಬಿಕೊಂಡು ಬಂದ ಪರಾಗ ಅದರಲ್ಲಿರುತ್ತದೆ. ಅದನ್ನು ಕಾಲಿನಿಂದ ತೆಗೆದು ಹೂಗಳ ಮೇಲೆ ಉದುರಿಸುತ್ತದೆ. ಅರಳಿಯ ಕಣಜದಲ್ಲಿ ಈ ಜೇಬುಗಳು ಹೇಗೆ ಕೆಲಸ ಮಾಡುತ್ತವೆ ಅನ್ನುವುದನ್ನು 1970ರಲ್ಲೇ ವಿವರವಾಗಿ ಬರೆದಿದ್ದಾರೆ. ಎರಡನೇ ಕೆಲಸ ಮೊಟ್ಟೆ ಇಡುವುದು. ಹೂಗಳಲ್ಲಿ ಕೆಲವಕ್ಕೆ ಕತ್ತು ಗಿಡ್ಡ, ಕೆಲವಕ್ಕೆ ಉದ್ದ. ಗಿಡ್ಡ ಕತ್ತಿನ ಹೂವಿನ ಬುಡಕ್ಕೆ ಮೊಟ್ಟೆ ಇಡುವ ಸೂಜಿ ಸುಲಭವಾಗಿ ಮುಟ್ಟುವುದರಿಂದ ಹೆಚ್ಚಾಗಿ ಅಲ್ಲೇ ಮರಿಗಳು ಬೆಳೆಯುತ್ತವೆ, ಉದ್ದ ಕತ್ತಿನವು ಬೀಜವಾಗುತ್ತವೆ. ಒಂದಷ್ಟು ಹೂವು ಕಣಜದ ಮಕ್ಕಳಿಗೆ, ಒಂದಷ್ಟು ಮರದ ಮಕ್ಕಳಿಗೆ. ಇದಾದ ಮೇಲೆ ತಾಯಿ ಅಲ್ಲೇ ಸಾಯುತ್ತದೆ.

ಕೆಲವು ವಾರ ಕಳೆಯುತ್ತದೆ. ಹವೆ ನೋಡಿಕೊಂಡು ಒಂದು ತಿಂಗಳೂ ಆಗಬಹುದು, ಎರಡೂ ಆಗಬಹುದು. ಮೊದಲು ಗಂಡು ಕಣಜಗಳು ಹೊರಬರುತ್ತವೆ. ಗಂಡಿಗೆ ರೆಕ್ಕೆಯಿಲ್ಲ, ಕಣ್ಣೂ ಅಷ್ಟಕ್ಕಷ್ಟೆ. ಹುಟ್ಟಿದ ಕಾಯಿಯ ಆಚೆಗೆ ಅದಕ್ಕೆ ಬದುಕೇ ಇಲ್ಲ. ಇನ್ನೂ ಹೂವಿನೊಳಗೇ ಇರುವ ಹೆಣ್ಣುಗಳ ಜೊತೆ ಕೂಡುತ್ತವೆ. ಆಮೇಲೆ ಗಂಡುಗಳೆಲ್ಲ ಸೇರಿ ಕಾಯಿಯ ಗೋಡೆಯನ್ನು ಕಡಿದು ಹೊರಕ್ಕೆ ದಾರಿ ಮಾಡಿ ಸಾಯುತ್ತವೆ. ಆ ಹೊತ್ತಿಗೆ ಸರಿಯಾಗಿ ಕಾಯಿಯೊಳಗಿನ ಗಂಡು ಹೂಗಳು ಪರಾಗ ಬಿಡುತ್ತವೆ. ಹೆಣ್ಣುಗಳು ಜೇಬು ತುಂಬಿಕೊಂಡು, ಆ ದಾರಿಯಲ್ಲಿ ಹೊರಬಿದ್ದು ಹಾರುತ್ತವೆ. ಹೆಣ್ಣು ಹೂಗಳು ಸಿದ್ಧವಾಗಿ ವಾರಗಳು ಕಳೆದ ಮೇಲೆ ಗಂಡು ಹೂ ಬಿರಿಯುವುದರಿಂದ ಒಂದು ಕಾಯಿ ತನ್ನ ಪರಾಗವನ್ನು ತನಗೇ ಬಳಸಿಕೊಳ್ಳಲಾರದು. ಬೇರೆ ಕಾಯಿಗೆ ಹೋಗಲೇಬೇಕು. ಸಾಮಾನ್ಯವಾಗಿ ಒಂದು ಮರದ ಕಾಯಿಗಳೆಲ್ಲ ಒಟ್ಟಿಗೇ ಬಲಿಯುವುದರಿಂದ, ಹೊರಟ ಕಣಜ ಬೇರೆ ಮರವನ್ನೇ ಹುಡುಕಬೇಕು.

ಹೊರಬಿದ್ದ ಹೆಣ್ಣಿಗೆ ಇರುವ ಆಯಸ್ಸು ಒಂದು ದಿನ, ಜಾಸ್ತಿ ಅಂದರೆ ಎರಡು. ಅಷ್ಟರಲ್ಲಿ ಅದೇ ಜಾತಿಯ, ಅದೇ ಹಂತದಲ್ಲಿರುವ ಕಾಯಿ ಸಿಗಬೇಕು. ಸಿಗುತ್ತದೆ ಕೂಡ! ಗಾಳಿಯ ಮೇಲೇರಿ ತೇಲಿಹೋಗಿ, ವಾಸನೆ ಸಿಕ್ಕಲ್ಲಿ ಕೆಳಗಿಳಿಯುತ್ತದೆ. ಆಫ್ರಿಕಾದ ನಮೀಬ್ ಮರುಭೂಮಿಯಲ್ಲಿ ಒಣಹೊಳೆಗಳ ದಂಡೆಯಲ್ಲಿ ಅತ್ತಿಯ ಹತ್ತಿರದ ಬಂಧುವೊಂದು ಬೆಳೆಯುತ್ತದೆ. ಅಲ್ಲಿ ಮರಕ್ಕೂ ಮರಕ್ಕೂ ಬಹಳ ದೂರ. ಕಾಯಿಗಳ ತಂದೆ ಮರ ಯಾವುದು ಅಂತ ಡಿಎನ್‌ಎ ನೋಡಿ ಪತ್ತೆ ಹಚ್ಚಿದಾಗ ಕಣಜ 160 ಕಿಲೋಮೀಟರ್ ದೂರದಿಂದಲೂ ಪರಾಗ ತಂದಿದ್ದು ಗೊತ್ತಾಯಿತು. 2009ರಲ್ಲಿ ಪ್ರಕಟವಾದ ಅಧ್ಯಯನ ಅದು. ನಿಮ್ಮ ತುಮಕೂರಿನಿಂದ ಬೆಂಗಳೂರಿಗೆ ಹೋಗಿ ವಾಪಸ್ ಬರುವುದಕ್ಕಿಂತಲೂ ಜಾಸ್ತಿ ದೂರ. ಎರಡು ಮಿಲಿಮೀಟರಿನ, ಎರಡು ದಿನದ ಜೀವ.

ಈ ಸಂಬಂಧ ಬಹಳ ಹಳೆಯದು. ಏಳು ಎಂಟು ಕೋಟಿ ವರ್ಷದ್ದು ಅಂತ ಲೆಕ್ಕ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಸಿಕ್ಕಿದ 3.4 ಕೋಟಿ ವರ್ಷ ಹಿಂದಿನ ಕಣಜದ ಪಳೆಯುಳಿಕೆಯಲ್ಲಿ ಅದೇ ಜೇಬು, ಜೇಬಿನಲ್ಲಿ ಪರಾಗ ಕೂಡ ಇತ್ತು. ನೋಡಲಿಕ್ಕೆ ಇವತ್ತಿನ ಕಣಜದ ಹಾಗೆಯೇ ಇದೆ.

ನಮ್ಮ ಪಕ್ಕದಲ್ಲೇ ಇದರ ಮೇಲೆ ದೊಡ್ಡ ಕೆಲಸ ನಡೆದಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜೆಸ್ ಅವರು ಮತ್ತು ಅವರ ವಿದ್ಯಾರ್ಥಿಗಳು ವರ್ಷಗಟ್ಟಲೆ ಅತ್ತಿ ಮರವನ್ನೇ ಹಿಡಿದು ಕೂತವರು. ಅತ್ತಿ ಕಾಯಿಯಲ್ಲಿ ಈ ಒಳ್ಳೆಯ ಕಣಜ ಒಂದೇ ಇರುವುದಿಲ್ಲ. ಪರಾಗದ ಕೆಲಸ ಮಾಡದೆ, ಹೊರಗಡೆಯಿಂದಲೇ ಕಾಯಿಗೆ ಸೂಜಿ ಚುಚ್ಚಿ ಮೊಟ್ಟೆ ಇಟ್ಟು ಹೋಗುವ ಬೇರೆ ಕಣಜಗಳೂ ಇವೆ. ಕೂದಲಿಗಿಂತ ತೆಳ್ಳಗಿನ ಆ ಸೂಜಿ ಗಟ್ಟಿ ಕಾಯಿಯನ್ನು ಬಾಗದೆ ಮುರಿಯದೆ ಹೇಗೆ ಕೊರೆಯುತ್ತದೆ ಅಂತ ಅದೇ ಸಂಸ್ಥೆಯವರು ನೋಡಿದರು. ತುದಿಯಲ್ಲಿ ಗರಗಸದಂಥ ಹಲ್ಲುಗಳಿವೆ, ಆ ಹಲ್ಲುಗಳಲ್ಲಿ ಸತು ಸೇರಿಕೊಂಡು ಗಟ್ಟಿಯಾಗಿದೆ ಅಂತ 2014ರಲ್ಲಿ ಪ್ರಕಟಿಸಿದರು. ಅತ್ತಿ ಮರದ ಮೇಲೆ ಓಡಾಡುವ ಕೆಂಜಿಗ ಈ ಕಳ್ಳ ಕಣಜಗಳನ್ನು ಹಿಡಿದು ತಿನ್ನುತ್ತದೆ. ಹಾಗಾಗಿ ಕೆಂಜಿಗದಿಂದ ಮರಕ್ಕೆ ಲಾಭವೇ.

ಈಗ ಹಣ್ಣು ತಿನ್ನಬಹುದಾ ಅನ್ನುವ ಮಾತು. ನೀವು ಕೇಳಿಲ್ಲ, ಆದರೆ ಹುಳದ ಕಥೆ ಓದಿದ ಮೇಲೆ ಕೇಳದೆ ಇರಲ್ಲ. ಕೆಂಪಗೆ ಹಣ್ಣಾಗುವ ಹೊತ್ತಿಗೆ ಬಹುತೇಕ ಹೆಣ್ಣು ಕಣಜಗಳು ಹಾರಿಹೋಗಿರುತ್ತವೆ. ಒಳಗೆ ಸತ್ತ ಗಂಡುಗಳು, ಹಿಂದೆ ಉಳಿದ ಒಂದೆರಡು, ಕೆಲವು ಸಲ ಆಮೇಲೆ ನುಗ್ಗಿದ ಇರುವೆ ಇರುತ್ತವೆ. ಹಳ್ಳಿಯಲ್ಲಿ ಹಣ್ಣನ್ನು ಎರಡು ಹೋಳು ಮಾಡಿ, ಅಂಗೈಗೆ ತಟ್ಟಿ, ಊದಿ, ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ತಿನ್ನುತ್ತಾರೆ. ಅದು ಸರಿಯಾದ ಪದ್ಧತಿಯೇ. ಅಂಜೂರವೂ ಇದೇ ಕುಲದ್ದು ಅಂತ ಅಂಗಡಿಯ ಅಂಜೂರದ ಬಗ್ಗೆ ಚಿಂತೆ ಮಾಡುವ ಸಸ್ಯಾಹಾರಿಗಳಿಗೆ ಒಂದು ಮಾತು. ನಮ್ಮಲ್ಲಿ ಬೆಳೆಯುವ ಪುಣೆ ತಳಿಯ ಅಂಜೂರಕ್ಕೆ ಕಣಜವೇ ಬೇಕಿಲ್ಲ, ಪರಾಗ ಸೇರದೆಯೂ ಹಣ್ಣಾಗುವ ತಳಿ ಅದು. ಆದರೆ ಸ್ಮಿರ್ನಾ ಅನ್ನುವ ತಳಿಗೆ ಬೇಕೇ ಬೇಕು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರೈತರು ಅದರ ಗಿಡ ತರಿಸಿ ನೆಟ್ಟರು. ಮರ ಚೆನ್ನಾಗಿ ಬೆಳೆಯಿತು, ಕಾಯಿ ಮಾತ್ರ ಉದುರಿಹೋಗುತ್ತಿತ್ತು. 1899ರಲ್ಲಿ ಕಣಜವನ್ನೂ ತಂದು ಬಿಟ್ಟ ಮೇಲೆಯೇ ಅಲ್ಲಿ ಹಣ್ಣು ನಿಂತಿದ್ದು.

ಸರಿ, ಬೀಜ ಕಟ್ಟಿತು. ಈಗ ನಿಮ್ಮ ತಾರಸಿಗೆ ಬರೋಣ.

ಮರಕ್ಕೆ ಎರಡು ಸಾಗಾಟದ ಕೆಲಸಗಳಿವೆ. ಪರಾಗವನ್ನು ಒಳಗೆ ತರಬೇಕು, ಬೀಜವನ್ನು ಹೊರಗೆ ಕಳಿಸಬೇಕು. ಮೊದಲನೆಯದಕ್ಕೆ ಅರಳಿ ಒಂದೇ ಒಂದು ಹುಳವನ್ನು ನಂಬಿದೆ. ಎರಡನೆಯದಕ್ಕೆ ಪೂರ್ತಿ ಉಲ್ಟಾ, ಬಂದವರಿಗೆಲ್ಲ ಊಟ. ಬೇರೆ ಗಿಡಗಳು ಬೇರೆ ಬೇರೆ ದಾರಿ ಹಿಡಿದಿವೆ. ಎಕ್ಕ ಬೀಜಕ್ಕೆ ರೇಷ್ಮೆಯಂಥ ಕುಚ್ಚು ಕಟ್ಟಿ ಗಾಳಿಗೆ ಬಿಡುತ್ತದೆ, ಹೊನ್ನೆ ರೆಕ್ಕೆ ಕಟ್ಟುತ್ತದೆ, ಉತ್ತರಾಣಿ ಸೀರೆಯ ಅಂಚಿಗೆ ಅಂಟುತ್ತದೆ, ಕರ್ಣಕುಂಡಲದ ಕಾಯಿ ಮುಟ್ಟಿದರೆ ಸಿಡಿಯುತ್ತದೆ, ತೆಂಗಿನಕಾಯಿ ನೀರಲ್ಲಿ ತೇಲುತ್ತದೆ. ಅರಳಿ ಬೀಜಕ್ಕೆ ಇದು ಯಾವುದೂ ಇಲ್ಲ. ಒಂದು ಮಿಲಿಮೀಟರಿನ ಬೀಜ, ಅದನ್ನು ಸಿಹಿ ತಿರುಳಿನಲ್ಲಿ ಇಟ್ಟಿದೆ. ಬೆರಳ ತುದಿಯಷ್ಟು ದೊಡ್ಡ, ಹಣ್ಣಾದಾಗ ಕಡುನೇರಳೆ ಬಣ್ಣಕ್ಕೆ ತಿರುಗುವ, ಒಂದೇ ತುತ್ತಿಗೆ ನುಂಗಬಹುದಾದ ಹಣ್ಣು. ಕೊಕ್ಕಿಗೆ ಹೇಳಿ ಮಾಡಿಸಿದ್ದು.

ಹಣ್ಣು ಬಿಟ್ಟ ಅರಳಿ ಮರದ ಕೆಳಗೆ ಬೆಳಗ್ಗೆ ಆರೂವರೆಗೆ ಹೋಗಿ ಅರ್ಧ ಗಂಟೆ ಸುಮ್ನೆ ನಿಂತುಕೊಳ್ಳಿ. ಮೈನಾ, ಕೋಗಿಲೆ, ಪಿಕಳಾರ, ಕುಟ್ರು ಹಕ್ಕಿ, ಕಾಗೆ, ಅಳಿಲು ಎಲ್ಲ ಒಂದೇ ಕೊಂಬೆಯಲ್ಲಿ ಕಾಣುತ್ತವೆ. ಕತ್ತಲಾದ ಮೇಲೆ ಬಾವಲಿಗಳ ಸರದಿ. ಇವುಗಳಲ್ಲಿ ಎಲ್ಲವೂ ಮರಕ್ಕೆ ಉಪಕಾರ ಮಾಡುವವಲ್ಲ. ಗಿಳಿ ಬೀಜವನ್ನೂ ಕಚ್ಚಿ ತಿಂದುಬಿಡುತ್ತದೆ. ಹಸಿರು ಪಾರಿವಾಳ ನುಂಗಿದ ಬೀಜ ಅದರ ಹೊಟ್ಟೆಯಲ್ಲಿ ಹೆಚ್ಚಾಗಿ ಅರೆದುಹೋಗುತ್ತದೆ. ಕೋಗಿಲೆ, ಮೈನಾ, ಪಿಕಳಾರ, ಕುಟ್ರು ಹಕ್ಕಿಗಳ ಹೊಟ್ಟೆ ಮೆತ್ತಗೆ. ತಿರುಳು ಜೀರ್ಣವಾಗುತ್ತದೆ, ಬೀಜ ಇಡಿಯಾಗಿ ಹೊರಬರುತ್ತದೆ, ಅದೂ ಬೇಗ. ಸಣ್ಣ ಹಕ್ಕಿಗಳಲ್ಲಿ ಅರ್ಧ ಗಂಟೆ ಆಜುಬಾಜು. ಅಷ್ಟರಲ್ಲಿ ಮೈನಾ ನಿಮ್ಮ ಬೀದಿ ಇರಲಿ, ಪಕ್ಕದ ಬಡಾವಣೆಯನ್ನೂ ದಾಟಿರುತ್ತದೆ. ಬಾವಲಿ ಇನ್ನೂ ದೂರ, ಮತ್ತೆ ಅದು ಹಾರುತ್ತಲೇ ಹಿಕ್ಕೆ ಹಾಕುತ್ತದೆ. ಹಾಗಾಗಿ ನಿಮ್ಮ ಬೀದಿಯಲ್ಲಿ ಅರಳಿ ಮರ ಇರಬೇಕಾಗಿಯೇ ಇಲ್ಲ. ದೇವಸ್ಥಾನದ ಮರ ಒಂದು ಮೈಲಿ ದೂರ ಇದ್ದರೆ ಸಾಕು.

ದೊಡ್ಡ ಕಾಡಿನಲ್ಲಿ ಈ ಕೆಲಸಕ್ಕೆ ಮಂಗಟ್ಟೆ ಹಕ್ಕಿಗಳಿವೆ. ದಾಂಡೇಲಿ ಕಡೆ ಹೋದವರು ನೋಡಿರುತ್ತೀರಿ. ಈ ಕುಲದ ಹಣ್ಣು ಅವುಗಳಿಗೆ ಮುಖ್ಯ ಆಹಾರ. ಬೇರೆ ಮರಗಳು ವರ್ಷಕ್ಕೊಂದು ಸಲ, ಒಂದೇ ಕಾಲದಲ್ಲಿ ಹಣ್ಣು ಬಿಡುತ್ತವೆ. ಆಲ, ಅರಳಿ, ಬಸರಿ, ಗೋಳಿ, ಅತ್ತಿ ಹಾಗಲ್ಲ. ಈ ಮರದಲ್ಲಿ ಈ ತಿಂಗಳು, ಆ ಮರದಲ್ಲಿ ಮುಂದಿನ ತಿಂಗಳು. ಕಣಜ ಬದುಕಬೇಕಾದರೆ ಹೀಗೆಯೇ ಆಗಬೇಕು ಅಲ್ವಾ, ಎಲ್ಲ ಮರಗಳೂ ಒಂದೇ ದಿನ ಕಾಯಿ ಬಿಟ್ಟು ಮುಗಿಸಿದರೆ ಎರಡು ದಿನದ ಆ ಹುಳ ಮೊಟ್ಟೆ ಇಡಲು ಎಲ್ಲಿಗೆ ಹೋಗಬೇಕು? ಹುಳಕ್ಕಾಗಿ ಆದ ಏರ್ಪಾಡು ಹಕ್ಕಿಗಳಿಗೂ ಸಿಕ್ಕಿತು. ಬೇರೆ ಯಾವ ಹಣ್ಣೂ ಇಲ್ಲದ ತಿಂಗಳಲ್ಲಿ ಎಲ್ಲೋ ಒಂದು ಆಲದ ಮರ ಕೆಂಪಾಗಿರುತ್ತದೆ. ರಸ್ತೆ ಅಗಲ ಮಾಡುವಾಗ ಸಾಲು ಮರ ಕಡಿದು, ಬದಲಿಗೆ ಹತ್ತು ಪಟ್ಟು ಸಸಿ ನೆಟ್ಟಿದ್ದೇವೆ ಅಂತ ಲೆಕ್ಕ ಕೊಡುತ್ತಾರೆ. ನನಗೆ ಆ ಲೆಕ್ಕ ಒಪ್ಪಿಗೆಯಾಗುವುದಿಲ್ಲ. ಹತ್ತು ಹೂವಿನ ಗಿಡ ನೆಟ್ಟರೂ ಬೇಸಿಗೆಯಲ್ಲಿ ಹಣ್ಣು ಕೊಡುವ ಒಂದು ಆಲದ ಸ್ಥಾನ ತುಂಬುವುದಿಲ್ಲ. ಮರಗಳ ನಡುವಿನ ದೂರ ಹೆಚ್ಚಿದಷ್ಟೂ ಕಣಜಕ್ಕೂ ಕಷ್ಟ.

ಈ ಎರಡು ಸಾಗಾಟಗಳ ಶಕ್ತಿ ಎಷ್ಟು ಅಂತ ತಿಳಿಯಲು ಇಂಡೊನೇಷ್ಯಾದ ಕ್ರಕಟೋವಾ ನೋಡಬೇಕು. 1883ರಲ್ಲಿ ಅಲ್ಲಿ ಜ್ವಾಲಾಮುಖಿ ಸಿಡಿದು ದ್ವೀಪದ ದೊಡ್ಡ ಭಾಗವೇ ಹಾರಿಹೋಯಿತು. ಉಳಿದ ಭಾಗ ಬಿಸಿ ಬೂದಿಯಡಿ ಹೂತುಹೋಗಿ ಬೋಳಾಯಿತು. ಜಾವಾ, ಸುಮಾತ್ರಾದ ದೊಡ್ಡ ನೆಲ ಅಲ್ಲಿಂದ ಸುಮಾರು 40 ಕಿಲೋಮೀಟರ್, ನಡುವೆ ಸಮುದ್ರ. ಕೆಲವೇ ದಶಕಗಳಲ್ಲಿ ಅತ್ತಿ ಕುಲದ ಹಲವು ಜಾತಿಗಳು ಅಲ್ಲಿ ಬೇರೂರಿದ್ದವು. ಬೀಜ ತಂದದ್ದು ಹಕ್ಕಿ ಮತ್ತು ಬಾವಲಿ. ಆದರೆ ಮರ ಬೆಳೆದ ಮೇಲೆ ಬೀಜ ಕಟ್ಟಬೇಕಾದರೆ ಆ ಮರದ್ದೇ ಆದ ಕಣಜ ಬೇಕಲ್ಲ? ಅವೂ ಸಮುದ್ರ ದಾಟಿ ಬಂದವು. ಈ ಮರಗಳು ಹಣ್ಣು ಬಿಟ್ಟ ಮೇಲೆ ಹಣ್ಣಿನಾಸೆಗೆ ಇನ್ನಷ್ಟು ಹಕ್ಕಿಗಳು ಬಂದು, ಅವುಗಳ ಹೊಟ್ಟೆಯಲ್ಲಿ ಬೇರೆ ಮರಗಳ ಬೀಜವೂ ಬಂದು ಕಾಡು ಎದ್ದಿತು.

ಇನ್ನು ನಿಮ್ಮತ್ತೆಯವರ ಮಾತು. ಅರ್ಧ ನಿಜ. ಹಕ್ಕಿಯ ಹೊಟ್ಟೆಗೆ ಹೋಗಲೇಬೇಕು ಅಂತೇನಿಲ್ಲ, ಕೈಯಲ್ಲಿ ತೊಳೆದು ತೆಗೆದ ಅರಳಿ ಬೀಜವೂ ಹುಟ್ಟುತ್ತದೆ. ಹೊಟ್ಟೆಯಲ್ಲಿ ಮುಖ್ಯವಾಗಿ ಆಗುವುದು ತಿರುಳು ಕಳಚುವ ಕೆಲಸ. ತಿರುಳು ಹಾಗೇ ಇದ್ದರೆ ಬೂಷ್ಟು ಹಿಡಿದು ಬೀಜ ಕೊಳೆಯುತ್ತದೆ. ಹಕ್ಕಿ ಅದನ್ನು ಚೊಕ್ಕಟ ಮಾಡಿ, ಸ್ವಲ್ಪ ಹಿಕ್ಕೆಯನ್ನೂ ಗೊಬ್ಬರವಾಗಿ ಸೇರಿಸಿ, ತಾಯಿ ಮರದಿಂದ ದೂರ ಇಡುತ್ತದೆ. ಇಂಥ ನಂಬಿಕೆ ನಮ್ಮಲ್ಲಿ ಮಾತ್ರ ಅಂತ ತಿಳಿಯಬೇಡಿ. ಮಾರಿಷಸ್‌ನ ಒಂದು ಮರದ ಬೀಜ ಡೋಡೋ ಹಕ್ಕಿಯ ಹೊಟ್ಟೆಗೆ ಹೋಗದೆ ಹುಟ್ಟುವುದೇ ಇಲ್ಲ, ಡೋಡೋ ಅಳಿದದ್ದರಿಂದ ಆ ಮರವೂ ಅಳಿಯುತ್ತಿದೆ ಅಂತ 1977ರಲ್ಲಿ ಒಂದು ದೊಡ್ಡ ವಿಜ್ಞಾನ ಪತ್ರಿಕೆಯಲ್ಲೇ ಬಂದಿತ್ತು. ಆಮೇಲೆ ಬೇರೆಯವರು ನೋಡಿದಾಗ ಹಕ್ಕಿಯ ಸಹಾಯವಿಲ್ಲದೆ ಹುಟ್ಟಿದ ಗಿಡಗಳು ಸಿಕ್ಕವು.

ನಿಮ್ಮ ಕುಂಡದಲ್ಲಿ ಯಾಕೆ ಹುಟ್ಟಲಿಲ್ಲ ಅನ್ನುವುದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಹೂತೆ ಅಂದಿರಿ. ಇಷ್ಟು ಸಣ್ಣ ಬೀಜದಲ್ಲಿ ಕೂಡಿಟ್ಟ ಆಹಾರ ಬಹಳ ಕಮ್ಮಿ. ಅವರೆ ಕಾಳನ್ನು ಎರಡು ಇಂಚು ಆಳಕ್ಕೆ ಹಾಕಿದರೂ ತನ್ನ ಗಂಟಿನಿಂದ ತಿಂದು ಮೇಲೆ ಬರುತ್ತದೆ, ಅರಳಿಗೆ ಆ ಗಂಟಿಲ್ಲ. ಅದಕ್ಕೇ ಈ ಕುಲದ ಬೀಜಗಳು ಬೆಳಕು ಬಿದ್ದರೆ ಮೊಳೆಯುತ್ತವೆ, ಕತ್ತಲೆಯಲ್ಲಿ ಮಲಗಿಬಿಡುತ್ತವೆ. ನಾನು ಕಾಲೇಜಿನಲ್ಲಿದ್ದಾಗ ಇದೇ ರೀತಿ ಮಾಡಿ ಎರಡು ತಿಂಗಳು ಕಾದಿದ್ದೆ. ಇನ್ನೊಂದು ಕಾರಣವೂ ಇರಬಹುದು. ಗಾಳಿಗೆ ಉದುರಿದ ಕಾಯಿಗಳನ್ನು ಆರಿಸಿ ತಂದಿದ್ದರೆ, ಅವುಗಳಿಗೆ ಕಣಜ ಹೊಕ್ಕೇ ಇರಲಿಕ್ಕಿಲ್ಲ. ಕಣಜ ಬಾರದ ಕಾಯಿಯನ್ನು ಮರ ಬಲಿಯುವ ಮೊದಲೇ ಉದುರಿಸಿಬಿಡುತ್ತದೆ, ಒಳಗೆ ಬೀಜ ಇರುವುದಿಲ್ಲ.

ಈ ಸಲ ಹೀಗೆ ಮಾಡಿ. ಪೂರ್ತಿ ಮೆತ್ತಗಾದ, ಬಣ್ಣ ತಿರುಗಿದ ಹತ್ತು ಹಣ್ಣು ತನ್ನಿ. ಒಂದು ಲೋಟ ನೀರಿನಲ್ಲಿ ಕಿವುಚಿ, ಟೀ ಸೋಸುವ ಜಾಲರಿಯಲ್ಲಿ ತೊಳೆಯಿರಿ. ತೇಲುವ ಬೀಜ ಜೊಳ್ಳು, ಎಸೆಯಿರಿ. ಮುಳುಗಿದ್ದನ್ನು ತೇವದ ಮಣ್ಣು ಅಥವಾ ತೆಂಗಿನ ನಾರಿನ ಪುಡಿಯ ಮೇಲೆ ಉದುರಿಸಿ. ಮೇಲೆ ಮಣ್ಣು ಮುಚ್ಚಬೇಡಿ. ಬೆಳಕು ಬರುವ, ಆದರೆ ಮಧ್ಯಾಹ್ನದ ಬಿಸಿಲು ಬೀಳದ ಜಾಗದಲ್ಲಿಟ್ಟು, ಒಣಗದ ಹಾಗೆ ನೀರು ಚಿಮುಕಿಸುತ್ತಿರಿ. ಕುಂಡಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಎರಡು ತೂತು ಮಾಡಿದರೆ ಒಳ್ಳೆಯದು. ಮೊದಲ ಎಲೆಗಳು ಎಳ್ಳಿನಷ್ಟೇ ಇರುತ್ತವೆ. ಕಳೆ ಅಂತ ಕಿತ್ತುಬಿಡಬೇಡಿ.

ಈಗ ಟ್ಯಾಂಕಿನ ಕಟ್ಟೆಯನ್ನೇ ನೋಡಿ. ಹಕ್ಕಿ ಬಂದು ಕೂರಲು ಎತ್ತರದ ಅಂಚು ಇದೆ. ಹಿಕ್ಕೆ ಬೀಳಲು ಬಿರುಕು ಇದೆ. ಟ್ಯಾಂಕ್ ತುಂಬಿ ಹರಿದಾಗ, ಪೈಪಿನ ಜೋಡಣೆ ಸೋರಿದಾಗ ತೇವ ಇರುತ್ತದೆ. ಆಕಾಶದ ಬೆಳಕು ಇದೆ. ಬೇರೆ ಗಿಡದ ಪೈಪೋಟಿ ಇಲ್ಲ. ಅರಳಿಗೆ ಇದಕ್ಕಿಂತ ಒಳ್ಳೆಯ ತೊಟ್ಟಿಲಿಲ್ಲ. ಹಕ್ಕಿ ಹಾಕಿದ ಬೀಜವನ್ನು ಇರುವೆ ಹೊತ್ತು ಬಿರುಕಿನ ಒಳಕ್ಕೆ ಒಯ್ಯುವುದೂ ಉಂಟು. ಕಾಡಿನಲ್ಲಿ ಅದು ಹುಟ್ಟುವುದು ಇಂಥ ಜಾಗದಲ್ಲೇ. ಈಚಲ ಮರದ ಹಳೆಯ ಗರಿಯ ಬುಡದಲ್ಲಿ, ದೊಡ್ಡ ಮರದ ಕವಲಿನಲ್ಲಿ ಕೂಡಿದ ತರಗಿನಲ್ಲಿ ಮೊಳೆತು, ಅಲ್ಲಿಂದ ನೆಲಕ್ಕೆ ಬೇರು ಇಳಿಬಿಡುತ್ತದೆ. ನೆಲದಲ್ಲಿ ನೆರಳು ಜಾಸ್ತಿ, ಮೇಲೆ ಬೆಳಕು. ನಿಮ್ಮ ಟ್ಯಾಂಕಿನ ಕಟ್ಟೆಯನ್ನು ಅದು ಮರದ ಕವಲು ಅಂತಲೇ ತಿಳಿದಿದೆ. ಹಳೆಯ ದೇವಸ್ಥಾನದ ಗೋಪುರ, ಕೋಟೆ ಗೋಡೆ, ಬಾವಿಯ ಒಳಸುತ್ತು ಎಲ್ಲ ಕಡೆ ನಡೆಯುವುದೂ ಇದೇ. ಸುಣ್ಣದ ಗಾರೆ ತೇವ ಹಿಡಿದಿಡುತ್ತದೆ, ಬೇರಿಗೆ ಸುಲಭವಾಗಿ ದಾರಿ ಬಿಡುತ್ತದೆ.

ನಾಲ್ಕೇ ವರ್ಷದ ಮನೆಯಲ್ಲಿ ಅರಳಿ ಹುಟ್ಟಿದ್ದಕ್ಕೆ ಬೀಜವನ್ನು ದೂರಿ ಪ್ರಯೋಜನವಿಲ್ಲ. ಬೀಜ ಎಲ್ಲರ ತಾರಸಿಗೂ ಬೀಳುತ್ತದೆ. ಅಲ್ಲಿ ತೇವ ಇದೆ, ಅದನ್ನು ಹುಡುಕಿ. ಟ್ಯಾಂಕ್ ತುಂಬಿ ಹರಿಯುವ ಪೈಪು ಎಲ್ಲಿಗೆ ನೀರು ಬಿಡುತ್ತದೆ ನೋಡಿ. ಗಿಡ ಎರಡು ಸಲ ವಾಪಸ್ ಬಂದದ್ದು ನೀವು ಮೇಲಿನದನ್ನು ಮಾತ್ರ ಕಿತ್ತದ್ದರಿಂದ. ಒಳಗೆ ಉಳಿದ ಬೇರಿನ ತುಂಡು ಮತ್ತೆ ಚಿಗುರುತ್ತದೆ. ಚಿಗುರಿ ಚಿಗುರಿ ಬೇರು ದಪ್ಪವಾಗುತ್ತದೆ, ಬಿರುಕು ಅಗಲವಾಗುತ್ತದೆ. ಆಸಿಡ್ ಸುರಿಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗಾರೆ, ಕಂಬಿ ಎರಡೂ ಹಾಳಾಗುತ್ತವೆ, ಬೇರು ಆಮೇಲೂ ಚಿಗುರಬಹುದು.

ಕಡಿದರೆ ಪಾಪ ಅಂತ ಮನೆಯಲ್ಲಿ ಹೇಳುತ್ತಿರಬಹುದು. ಹಾಗಾದರೆ ಕಡಿಯಬೇಡಿ, ಜಾಗ ಬದಲಿಸಿ. ಈ ಕುಲದ ಗಿಡಗಳು ಗಟ್ಟಿ ಜೀವ. ಕೊಂಬೆ ನೆಟ್ಟರೂ ಬೇರು ಬಿಡುತ್ತವೆ. ಬುದ್ಧಗಯೆಯ ಅರಳಿಯ ಕೊಂಬೆಯಿಂದ ಕ್ರಿ.ಪೂ. 3ನೇ ಶತಮಾನದಲ್ಲಿ ನೆಟ್ಟದ್ದು ಅಂತ ಹೇಳುವ ಮರ ಶ್ರೀಲಂಕಾದ ಅನುರಾಧಪುರದಲ್ಲಿ ಇವತ್ತಿಗೂ ಪೂಜೆ ಪಡೆಯುತ್ತಿದೆ. ಬೆಂಗಳೂರಿನ ಪಕ್ಕದ ಕೇತೋಹಳ್ಳಿಯ ದೊಡ್ಡ ಆಲದ ಮರದಲ್ಲಿ ಮೂಲ ಕಾಂಡ ಸತ್ತು ವರ್ಷಗಳಾದವು, ಬಿಳಲುಗಳೇ ಕಾಂಡವಾಗಿ ಮೂರು ಎಕರೆಯಷ್ಟು ಮರ ನಿಂತಿದೆ. ಆದರೆ ಕೊಂಬೆಯಿಂದ ಬಂದದ್ದು ತಾಯಿಯದ್ದೇ ನಕಲು. ತಾಯಿಗೆ ತಗಲಿದ ರೋಗ ಅದಕ್ಕೂ ತಗಲಬಹುದು. ನಿಮ್ಮ ತಾರಸಿಯ ಗಿಡ ಹಾಗಲ್ಲ, ಎರಡು ಮರಗಳು ಕೂಡಿ ಹುಟ್ಟಿದ ಹೊಸ ಗಿಡ, ಅದರಂಥದ್ದು ಇನ್ನೊಂದಿಲ್ಲ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ನೀರು ಹೊತ್ತು ಬೆಳೆಸಿದ 385 ಆಲದ ಮರಗಳಿವೆ. ಅಂಥ ಒಂದು ಸಾಲು ಬೆಳೆದು ನಿಂತರೆ ಮುಂದಿನ ಬೀಜಗಳನ್ನು ಹಕ್ಕಿಗಳೇ ಊರೂರಿಗೆ ಹಂಚುತ್ತವೆ.

ಗಿಡ ತೆಗೆಯುವ ಕೆಲಸ ಜೂನ್‌ನಲ್ಲಿ, ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ ಇಟ್ಟುಕೊಳ್ಳಿ. ಹಿಂದಿನ ರಾತ್ರಿ ಬಿರುಕಿಗೆ ಚೆನ್ನಾಗಿ ನೀರು ಹಾಕಿ. ಬಿರುಕಿನ ಎರಡೂ ಬದಿಯ ಗಾರೆಯನ್ನು ಚಾಣದಿಂದ ಮೆಲ್ಲಗೆ ಒಡೆದು, ಬೇರು ಎಷ್ಟು ಉದ್ದಕ್ಕೆ ಸಿಗುತ್ತದೋ ಅಷ್ಟನ್ನೂ ಬಿಡಿಸಿಕೊಳ್ಳಿ. ಪೂರ್ತಿ ಸಿಗದಿದ್ದರೂ ಚಿಂತೆಯಿಲ್ಲ, ನಾಲ್ಕು ಬೆರಳು ಬೇರು ಇದ್ದರೆ ಬದುಕುತ್ತದೆ. ಅರ್ಧದಷ್ಟು ಎಲೆ ತೆಗೆದು, ಒದ್ದೆ ಗೋಣಿಯಲ್ಲಿ ಬೇರು ಸುತ್ತಿ, ಅವತ್ತೇ ಕುಂಡಕ್ಕೆ ಹಾಕಿ. ಒಳಗೆ ಉಳಿದ ಬೇರಿನ ತುಂಡುಗಳನ್ನು ಆದಷ್ಟು ತೆಗೆದು, ಒಣಗಿದ ಮೇಲೆ ಗಾರೆ ಕೆಲಸದವರಿಂದ ಬಿರುಕು ತುಂಬಿಸಿ. ಗಿಡ ತೋಳಿನಷ್ಟು ದಪ್ಪ ಆಗಿದ್ದರೆ ಮಾತ್ರ ನೀವೇ ಕೈ ಹಾಕಬೇಡಿ, ಕಟ್ಟೆ ಸಡಿಲವಾಗಿ ಟ್ಯಾಂಕ್ ಜಾರಬಹುದು. ಮುಂದೆ ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ತಾರಸಿ ಸುತ್ತಿ ಬನ್ನಿ. ಎರಡೆಲೆ ಇರುವಾಗ ಎರಡು ಬೆರಳಲ್ಲಿ ಬರುತ್ತದೆ.

ಕುಂಡದಲ್ಲಿ ಒಂದು ವರ್ಷ ಬೆಳೆಸಿ, ಮುಂದಿನ ಮಳೆಗಾಲಕ್ಕೆ ನೆಲಕ್ಕಿಡಿ. ಮನೆಯಿಂದ, ಬಾವಿಯಿಂದ, ಚರಂಡಿ ಪೈಪಿನಿಂದ ಐವತ್ತು ಅಡಿಯಾದರೂ ದೂರ ಇರಲಿ. ಕೆರೆ ಏರಿಯ ಮೇಲೆ ಬೇಡ, ಬೇರು ಏರಿಯನ್ನು ಸಡಿಲಿಸಬಹುದು. ಊರಾಚೆ ಗೋಮಾಳ, ಸ್ಮಶಾನದ ಅಂಚು, ಶಾಲೆಯ ದೊಡ್ಡ ಬಯಲು, ಇವು ಒಳ್ಳೆಯ ಜಾಗ. ಪಕ್ಕದಲ್ಲಿ ಬೇವಿನ ಸಸಿಯನ್ನೂ ಇಟ್ಟು ಮದುವೆ ಮಾಡಿಸುವ ಪದ್ಧತಿ ನಿಮ್ಮ ಕಡೆಯೂ ಇದೆ, ನಿಮ್ಮತ್ತೆಯವರು ಖುಷಿಪಡುತ್ತಾರೆ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಬಿಂದಿಗೆ ನೀರು ಸಾಕು. ಮೇಕೆಗೆ ಅರಳಿ ಎಲೆ ಅಂದರೆ ಪ್ರಾಣ, ಸುತ್ತ ಮುಳ್ಳಿನ ಬೇಲಿ ಹಾಕುವುದನ್ನು ಮರೆಯಬೇಡಿ.